ಕೊಲ್ಕ್ ಎಂಬ ಮಾತಿಗೆ ಎರಡನೇ ಸಾಕ್ಷಿ

ನಿಘಂಟಿಗಾಗಿ ಊರೂರು ತಿರುಗಿ ಮಾತು ಕೂಡಿಹಾಕುವ ವಿಯಾರ್ಡಾ ಮೇಷ್ಟ್ರು ಅಲೈಡಾಳ ಅಡುಗೆಮನೆಯ ಮೇಜಿನ ತುಂಬ ಚೀಟಿ ಹರಡಿದ್ದರು. ಎಲ್ಲವೂ ಕೊಲ್ಕ್ ಎಂಬ ಒಂದೇ ಮಾತಿನವು. ನೀರಿನ ಸುಳಿ ಕೊಲ್ಕ್. ಏರಿ ಒಡೆದು ನೀರು ಕೊರೆದ ಮಡುವೂ ಕೊಲ್ಕ್. ದೋಣಿಗಳು ಕಾದು ನಿಲ್ಲುವ ತೂಬಿನ ತೊಟ್ಟಿ, ಬೀದಿಯ ಮೋರಿಗುಂಡಿ, ಅವೂ ಅದೇ. ನುಂಗುವುದು ಎಂಬರ್ಥದ ಹಳೇ ಮಾತಿನಿಂದ ಬಂತು ಎಂದು ಒಬ್ಬ ಪಂಡಿತ, ಅಲ್ಲವೇ ಅಲ್ಲ ಎಂದು ಇನ್ನೊಬ್ಬ. ನೀರಿನಂಚಿನಲ್ಲಿ ಬದುಕಿದವರನ್ನು ಕೇಳಿದ್ದರೆ ಈ ಜಗಳವೇ ಬೇಕಿರಲಿಲ್ಲ.

ಅಲೈಡಾಗೆ ಬೇಕಾಗಿದ್ದುದು ಐದನೆಯ ಅರ್ಥ. ಹಾವುಮೀನಿನ ಬಲೆಯ ಕೊನೆಗೆ, ಒಳಹೊಕ್ಕ ಮೀನು ಮರಳಿ ಬಾರದ ಚೀಲವಿರುತ್ತದಲ್ಲ, ಅದನ್ನು ಅವಳ ಗಂಡ ಲುಬ್ಬರ್ಟ್ ಕೊಲ್ಕ್ ಎನ್ನುತ್ತಿದ್ದ. ಹನ್ನೆರಡು ವರ್ಷದ ಹಿಂದೆ, ಅವನ ತಮ್ಮ ರೂಲೊಫ್ ಜ್ವರವೆಂದು ಮಲಗಿದ್ದ ದಿನ, ಒಬ್ಬನೇ ಮೀನಿಗೆ ಹೋದವನು ಹೆಣವಾಗಿ ಬಂದ. ಮಕ್ಕಳಿಲ್ಲ. ಅವನ ಬಾಯಿಯ ಒಂದು ಮಾತಾದರೂ ಪುಸ್ತಕದಲ್ಲಿ ಉಳಿಯಲಿ ಎಂದು ಈ ಹೆಂಗಸು ಹಟ ಹಿಡಿದರೆ ತಪ್ಪೇನು?

"ಒಬ್ಬರ ಸಾಕ್ಷಿ ಸಾಲದಮ್ಮ," ಎಂದರು ಮೇಷ್ಟ್ರು. "ಇನ್ನೊಬ್ಬರು ತಾವಾಗೇ ಹೇಳ್ಬೇಕು. ನೀವು ಹೇಳಿಕೊಟ್ರೋ, ಚೀಟಿ ಹರಿದು ಹಾಕ್ತೀನಿ. ನಾಳೆ ನಾನು ಹೊರಟೆ."

"ಮೈದುನ ಈಗ ಬರ್ತಾನೆ, ಕೇಳೋಣ."

ರೂಲೊಫ್ ಪ್ರತಿ ಶನಿವಾರ ಬರುತ್ತಿದ್ದ. ಹನ್ನೆರಡು ವರ್ಷ ಒಂದು ವಾರವೂ ತಪ್ಪಿಸದೆ ಅತ್ತಿಗೆಗೆ ಉರುವಲು ತಂದು ಹಾಕಿದ್ದ. ದೇವರಂಥ ಮನುಷ್ಯ ಎಂದು ಊರು ಹೊಗಳುತ್ತಿತ್ತು. ಊರಿಗೇನು, ಹೊಗಳಲು ಖರ್ಚಿಲ್ಲ.

"ಮರದ ಜೋಡು ಹೊರಗೇ ಬಿಡೋ ಮಾರಾಯ, ಈಗಷ್ಟೇ ನೆಲ ಒರೆಸಿದೀನಿ," ಎಂದು ಗದರಿಸಿಯೇ ಅವನನ್ನು ಒಳಗೆ ಕರೆದ ಅಲೈಡಾ, ಕಾಫಿ ಕೊಟ್ಟು, ಅಟ್ಟದಿಂದ ಇಳಿಸಿದ್ದ ಬಲೆಯ ತುದಿಯನ್ನು ಎತ್ತಿ ಹಿಡಿದಳು.

"ಇದಕ್ಕೇನಂತೀಯೋ?"

"ಕೊಲ್ಕ್. ಇನ್ನೇನಂತಾರೆ ಅತ್ತಿಗೆ? ಅಣ್ಣನೂ ನಾನೂ ಅದನ್ನೇ ಅಂತಿದ್ವಿ."

ಅಬ್ಬಾ! ಅವಳ ಕಣ್ಣು ತುಂಬಿ ಬಂತು. ಮೇಷ್ಟ್ರು ಖುಷಿಯಿಂದ ಪೆನ್ನು ತೆಗೆದರು.

"ಆ ಮಾತಿರೋ ಒಂದು ವಾಕ್ಯ ಹೇಳಿ. ನೀವು ಕಟ್ಟಿದ್ದು ಬೇಡ, ಕಿವಿಯಾರೆ ಕೇಳಿದ್ದೇ ಬೇಕು. ನಮ್ಮ ಪದ್ಧತಿ ಅದು."

ರೂಲೊಫ್ ಬಲೆಯನ್ನೇ ನೋಡುತ್ತ ಬಟ್ಟಲು ಕೆಳಗಿಟ್ಟ.

"'ಕೊಲ್ಕ್‌ಗೆ ಕಾಲು ಸಿಕ್ಕೊಂಡಿದೆ ಕಣೋ, ಹಗ್ಗ ಎಸಿ.'"

"ಸೊಗಸಾಗಿದೆ," ಮೇಷ್ಟ್ರು ಬರೆಯತೊಡಗಿದರು. "ಯಾರು ಹೇಳಿದ್ದು? ಯಾವಾಗ?"

"ಅಣ್ಣ. ನಲವತ್ತೊಂದನೇ ಇಸವಿ, ಮಾರ್ಚ್ ಒಂಬತ್ತು."

ಅದು ಲುಬ್ಬರ್ಟ್ ಸತ್ತ ದಿನ.

"ಜ್ವರ ಅಂದಿದ್ದು ಸುಳ್ಳು ಅತ್ತಿಗೆ. ನಾನೂ ದೋಣೀಲಿದ್ದೆ. ಹಗ್ಗ ಕೈಯಲ್ಲೇ ಇತ್ತು. ಎಸೆದ್ರೆ ನನ್ನನ್ನೂ ಎಳ್ಕೊಂಡು ಹೋಗ್ತಾನೆ ಅಂತ ಹೆದರಿಬಿಟ್ಟೆ."

ಮೇಷ್ಟ್ರ ಪೆನ್ನು ನಿಂತಿತು. "ಬೇರೆ ಯಾವ್ದಾದ್ರೂ ವಾಕ್ಯ ನೋಡೋಣಮ್ಮ," ಎಂದರು ಮೆಲ್ಲಗೆ.

ಅಲೈಡಾಗೆ ಅಳು ಬರಲಿಲ್ಲ. ಸಂಕಟ, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿ ಬಂದವು. ಗಂಡನ ಬಾಯಿಯ ಮಾತು ಬೇಕೆಂದು ಹಟ ಹಿಡಿದವಳು ತಾನೇ ಅಲ್ಲವೇ?

"ಬೇಡ. ಅವರು ಕೊನೇಲಿ ಹೇಳಿದ್ದು ಅದೇ," ಎಂದಳು. "ಅದನ್ನೇ ಬರ್ಕೊಳ್ಳಿ."