ಗಡಿ ಫೋನಿನ ರೆಕಾರ್ಡಿಂಗ್

ನಾನು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದೆ. ಅಮ್ಮ ಎದುರಿಗೆ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಹೊಲಿಗೆ ಮುಗಿದ ಮೇಲೆ ಅಮ್ಮ, "ಇವತ್ತಾದ್ರೂ ಹೋಗಿ ಕೇಳ್ತೀಯಾ?" ಅಂದಳು. ನಾನು ಭದ್ರಾವತಿ ಬಸ್ ಸ್ಟ್ಯಾಂಡಿಗೆ ನಡೆದೆ.

ಅಣ್ಣ ಧರ್ಮೇಂದ್ರ ನೇಪಾಳದ ಗಡಿಯಲ್ಲಿ ಕೆಲಸ ಮಾಡುತ್ತಿದ್ದ. ನಮ್ಮ ದೇಶಕ್ಕೂ ಅವರ ದೇಶಕ್ಕೂ ಕರೆಂಟು ಹೋಗಿಬರುವ ದೊಡ್ಡ ಲೈನು ಅದು. ಟವರುಗಳ ತುದಿಯ ತಂತಿಯೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳಿರುತ್ತವೆ. ಎಷ್ಟು ಕರೆಂಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಎರಡೂ ಕಡೆಯ ಕಂಟ್ರೋಲ್ ರೂಮಿನವರು ಮಾತಾಡುವುದು ಅದರ ಮೂಲಕವೇ. ಆ ಎಳೆಗಳನ್ನು ಬೆಸೆದು, ಫೋನು ಹಚ್ಚಿ ಪರೀಕ್ಷೆ ಮಾಡುವುದು ಅಣ್ಣನ ಕೆಲಸ. "ನಾನು ಹಲೋ ಅಂದ್ರೆ ಎರಡು ದೇಶಕ್ಕೆ ಕೇಳುತ್ತೆ. ನೀನು ಕೂಗಿದ್ರೆ ಪಕ್ಕದ ಮನೆಗೂ ಕೇಳಲ್ಲ ಮಾರಾಯ್ತಿ" ಎಂದು ರೇಗಿಸುತ್ತಿದ್ದ.

ಹಾಗೊಂದು ಪರೀಕ್ಷೆ ಮುಗಿಸಿ ವಾಪಸ್ ಬರುವಾಗ ಜೀಪು ಉರುಳಿತು. ಅಣ್ಣ ಉಳಿಯಲಿಲ್ಲ. ಅವನ ಮೊಬೈಲೂ ನುಜ್ಜಾಯಿತು. ನಮ್ಮ ಮನೆಯಲ್ಲಿರುವುದು ಒಂದೇ ಬಟನ್ ಫೋನು, ಅದರಲ್ಲಿ ಅವನ ದನಿ ಇಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಬಂದ ಅಣ್ಣನ ಸೂಪರ್‌ವೈಸರ್ ವೀರಪ್ಪನವರು, ಗಡಿ ಫೋನಿನ ಮಾತೆಲ್ಲ ತಾನಾಗಿ ರೆಕಾರ್ಡ್ ಆಗುತ್ತದೆ, ಅಣ್ಣನದೂ ಇರುತ್ತದೆ ಎಂದಿದ್ದರು. ಅವತ್ತಿನಿಂದ ಅಮ್ಮ ಅದೊಂದಕ್ಕೇ ಕಾಯುತ್ತಿದ್ದಳು. ವೀರಪ್ಪನವರ ಶಿವಮೊಗ್ಗದ ಆಫೀಸಿನಲ್ಲಿ ಅಷ್ಟು ಗಂಡಸರ ಮುಂದೆ ನಿಂತು ಕೇಳಬೇಕಲ್ಲ ಎಂದು ನಾನು ನಾಳೆ, ನಾಡಿದ್ದು ಅಂತ ದೂಡಿದೆ.

ಇವತ್ತು ಆಫೀಸು ಮುಟ್ಟಿದಾಗ ವೀರಪ್ಪನವರು ಕುರ್ಚಿ ಎಳೆದು ಕೊಟ್ಟರು.

"ಯಾಕಮ್ಮ ಅಕ್ಷಯಾ, ಇಷ್ಟು ದಿನ ಬಿಟ್ಟು ಬಂದೆ? ಅದು ಇರೋದೇ ತೊಂಬತ್ತು ದಿನ. ಆಮೇಲೆ ಅದರ ಮೇಲೇ ಹೊಸ ಮಾತು ತುಂಬಿಕೊಳ್ಳುತ್ತೆ. ನಾಳೆ ರಾತ್ರಿಗೆ ಮುಗೀತು."

"ಕಾಪಿ ಕೊಡಕ್ಕೆ ಆಗಲ್ವಾ ಸರ್?"

"ಎರಡು ದೇಶದವರ ದನಿ ಇದೆ ಅದರಲ್ಲಿ. ಇಬ್ರೂ ಒಪ್ಪಬೇಕು. ಕಾಗದ ಹೋಗಿ ಬರಕ್ಕೇ ತಿಂಗಳು ಹಿಡಿಯುತ್ತೆ. ನೀನು ಅವಾಗ್ಲೇ ಬಂದಿದ್ರೆ..."

ಅವರು ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿ, ನನ್ನ ಕೈಗೆ ಕೊಟ್ಟರು. "ಅಲ್ಲಿ ನಮ್ಮ ಕಡೆಯ ಇಂಜಿನಿಯರ್ ಒಬ್ರಿದಾರೆ. ನೀನೇ ಕೇಳು."

"ಸರ್, ನಾನು ಧರ್ಮೇಂದ್ರನ ತಂಗಿ. ಕಾಪಿ ಬೇಡ. ಅಳಿಸೋಕೆ ಮುಂಚೆ ಈ ಫೋನಲ್ಲೇ ಒಂದ್ಸಲ ಹಾಕಿ."

"ಇನ್ನೂ ಇದೆಯಮ್ಮ, ಈಗಲೇ ಹಾಕ್ಲಾ?" ಅಂದರು ಇಂಜಿನಿಯರ್. ವೀರಪ್ಪನವರು ಕಿಟಕಿಯ ಕಡೆ ತಿರುಗಿದರು.

"ಈಗ ಬೇಡ ಸರ್, ನಾಳೆ ಬೆಳಿಗ್ಗೆ ಅಮ್ಮನ್ನ ಕರ್ಕೊಂಡು ಬರ್ತೀನಿ. ಅವರಿಗೆ ಒಂದ್ಸಲ ಕೇಳಿಸಿ."