ವ್ಯಾನಿನಲ್ಲಿ ಹೇಳಿದ ಕಾದಂಬರಿಗಳು

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿನಲ್ಲಿ ಇಪ್ಪತ್ತೇಳು ವರ್ಷದಿಂದ ನಾನು ಬಾಡಿಗೆ ಪುಸ್ತಕದ ಅಂಗಡಿ ನಡೆಸುತ್ತಿದ್ದೇನೆ. ‘ಸರ್ಕ್ಯುಲೇಟಿಂಗ್ ಲೈಬ್ರರಿ, ಮಾಲೀಕರು: ಲಕ್ಷ್ಮಯ್ಯ’ ಎಂದು ಬೋರ್ಡಿದೆ. ಒಳಗೆ ಎರಡು ಸಾವಿರದ ಮುನ್ನೂರು ಕಾದಂಬರಿಗಳಿವೆ. ಅಷ್ಟನ್ನೂ ಓದಿದ್ದೇನೆ. ಇದನ್ನು ಜಂಬ ಎಂದು ಯಾರಾದರೂ ಅಂದರೆ ಅನ್ನಲಿ, ಜಂಬವೇ.

ಪುಸ್ತಕಗಳ ಪಟ್ಟಿ ನನ್ನಲ್ಲಿಲ್ಲ. ಪಟ್ಟಿ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಂದವರ ಮುಖ ನೋಡಿ, ಎರಡು ಮಾತಾಡಿಸಿ ಪುಸ್ತಕ ಕೊಡುವವನು ನಾನು. ಮದುವೆ ಗೊತ್ತಾದ ಹುಡುಗಿ ಸಾಮಾಜಿಕ ಕಾದಂಬರಿ ಕೇಳಿದರೆ ಪತ್ತೇದಾರಿ ಕೊಟ್ಟು ಕಳಿಸುತ್ತೇನೆ. ಅತ್ತೆಯ ಕಾಟ ಮುಂದೆ ಇದ್ದೇ ಇರುತ್ತದೆ, ಅದನ್ನು ಈಗಲೇ ಓದಿ ಯಾಕೆ ಹೆದರಬೇಕು? ಗಂಡಸರು ಮರ್ಯಾದೆಗೆ ಐತಿಹಾಸಿಕ ಕೇಳುತ್ತಾರೆ, ಕಣ್ಣೆಲ್ಲ ದೆವ್ವದ ಕಾದಂಬರಿಗಳ ಮೇಲಿರುತ್ತದೆ. ಅಂಥವರಿಗೆ ಎರಡನ್ನೂ ಸೇರಿಸಿ ಕೊಡುತ್ತೇನೆ. ಪುರಾಣದ ಕಥೆಯನ್ನೇ ಅರಮನೆಯ ದಾಸಿಯೋ ಸಾರಥಿಯೋ ಹೇಳುವ ಹಾಗೆ ಹೊಸದಾಗಿ ಬರೆದ ಪುಸ್ತಕಗಳು ಒಂದು ಕಪಾಟು ತುಂಬ ಇವೆ. ಅವನ್ನು ಮನೆ ನೋಡಿ ಕೊಡಬೇಕು. ಒಂದು ಸಲ ತಪ್ಪಿ ಕೊಟ್ಟು, ಒಬ್ಬ ಪುರೋಹಿತರಿಂದ ಬೀದಿಯಲ್ಲಿ ನಿಂತು ಬೈಸಿಕೊಂಡಿದ್ದೇನೆ.

ಕೊಡುವಾಗ ಕಥೆಯನ್ನು ಗಂಟು ಬೀಳುವ ತನಕ ಹೇಳುತ್ತೇನೆ. ಬಿಚ್ಚಿಕೊಳ್ಳುವುದು ಓದುವವರ ಪಾಡು. ಹೆಸರು ಮರೆತು ಬಂದವರು ಕಥೆಯ ಒಂದೇ ಒಂದು ಎಳೆ ಹೇಳಿದರೂ ಸಾಕು, ಎದ್ದು ಹೋಗಿ ಆ ಪುಸ್ತಕವನ್ನು ತಂದು ಕೈಯಲ್ಲಿಡುತ್ತಿದ್ದೆ. ‘ಇಡುತ್ತಿದ್ದೆ’ ಎಂದು ಬರೆಯಬೇಕಾಗಿದೆಯಲ್ಲ, ಅದಕ್ಕೇ ಇಷ್ಟೆಲ್ಲ ಹೇಳುತ್ತಿರುವುದು.

ಟೀವಿ ಬಂದ ಮೇಲೆ ಹಳೆಯ ಓದುಗರು ಒಬ್ಬೊಬ್ಬರಾಗಿ ಜಾರಿಕೊಂಡರು. ಆಮೇಲೆ ಬಿಡದಿ ಕಡೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳು ಎದ್ದವು, ಬೆಳಿಗ್ಗೆ ಆರೂವರೆಗೆಲ್ಲ ಹೆಂಗಸರನ್ನು ತುಂಬಿಕೊಂಡು ವ್ಯಾನುಗಳು ಹೊರಡತೊಡಗಿದವು. ಆ ವ್ಯಾನೊಂದರಿಂದ ನನಗೆ ಸಿಕ್ಕವಳು ಜೈನಬ್. ಗಂಡ ಶುಕೂರ್ ಬೊಂಬೆ ಕಡೆಯುವವನು. ಪ್ಲಾಸ್ಟಿಕ್ ಬೊಂಬೆಗಳ ಹಾವಳಿಯಲ್ಲಿ ಅವನಿಗೆ ಕೆಲಸ ಕಡಿಮೆಯಾದ ಮೇಲೆ ಇವಳು ಷರ್ಟಿನ ಕಾಲರ್ ಹೊಲಿಯಲು ಸೇರಿದಳು. ಭಾನುವಾರ ಹನ್ನೊಂದಕ್ಕೆ ಬಂದು, ನಾನು ಕಥೆ ಹೇಳುವುದನ್ನು ಕೇಳಿ, ಒಂದು ಪುಸ್ತಕ ಒಯ್ಯುವಳು. ಓಡುವ ಗಾಡಿಯಲ್ಲಿ ಓದಿದರೆ ತಲೆ ಸುತ್ತುತ್ತದೆಂದು ಮನೆಯಲ್ಲೇ ಓದಿಕೊಂಡು, ವಾರವಿಡೀ ವ್ಯಾನಿನಲ್ಲಿ ಅದರ ಕಥೆ ಹೇಳುವಳಂತೆ. ಹದಿನೆಂಟು ಹೆಂಗಸರು ಬಾಯಿ ಬಿಟ್ಟುಕೊಂಡು ಕೇಳುತ್ತಾರಂತೆ. ಇಂಥ ಓದುಗರು ಸಿಕ್ಕರೆ ಯಾರಿಗೆ ಖುಷಿಯಾಗುವುದಿಲ್ಲ? ಅವಳು ಬಂದ ಭಾನುವಾರಗಳಲ್ಲಿ ಹೊತ್ತು ಹೋಗುವುದೇ ನನಗೆ ತಿಳಿಯುತ್ತಿರಲಿಲ್ಲ.

ಮೊದಲ ತೊಡಕು ತಂದವಳು ಅಕ್ಕೂರಿನ ರಮ್ಯಾ. ಅದೇ ವ್ಯಾನಿನವಳು.

“ಸಾ, ಕನಕಪುರದ ಬಂಡೆ ಕ್ವಾರಿ ಓನರ್ ಮನೇಲಿ ಒಡವೆ ಕಳುವಾಯ್ತದಲ್ಲ, ಆ ಪುಸ್ತಕ ಕೊಡಿ. ಜೈನಬಕ್ಕ ಯೋಳಿದ್ಲು. ನಮ್ಮವ್ವಂಗೆ ಓದಿ ಯೋಳ್ಬೇಕು.”

“ಕಳ್ಳ ಅಡಿಗೆಯವನು. ಅದೇ ತಾನೆ?” ಎಂದೆ. ಜೈನಬ್ ವ್ಯಾನಿನಲ್ಲಿ ಹೇಳಿ ಮುಗಿಸಿದ ಕಥೆಯಾದ್ದರಿಂದ ಕೊನೆ ಹೇಳಿದರೆ ತಪ್ಪಿಲ್ಲ ಎಂದುಕೊಂಡೆ.

“ಅಡಿಗೆಯೋನಲ್ಲ ಸಾ. ಒಡವೆ ಕದ್ದೋಳು ಓನರ್ ಹೆಂಡ್ತಿನೇ. ತನ್ನ ಒಡವೆ ತಾನೇ ಕದ್ದು ಗಂಡನ್ನ ಬುಟ್ಟು ಹೊಂಟ್ಬುಡ್ತಾಳೆ. ಪತ್ತೇದಾರ ಅವ್ಳನ್ನ ಹಿಡಿಯಲ್ಲ. ಸಾತನೂರು ಬಸ್ಸಿಗೆ ತಾನೇ ಹತ್ತಿಸ್ತಾನೆ, ಕಿಟಕಿ ಪಕ್ಕ ಸೀಟು ಹಿಡಿದು ಕೊಡ್ತಾನೆ.”

ಪುಸ್ತಕ ತೆಗೆದು ನೋಡಿದೆ. ಕಳ್ಳ ಅಡಿಗೆಯವನೇ. ಬಂಗಲೆ, ಒಡವೆ ಎಲ್ಲ ಪತ್ತೇದಾರಿಗಳಲ್ಲೂ ಇರುತ್ತವೆ, ಇಂಥದೇ ಇನ್ನೊಂದು ಇರಬೇಕು, ಈ ಹುಡುಗಿ ಕಲಸಿಕೊಂಡಿದ್ದಾಳೆ ಎಂದು ಹುಡುಕಿದೆ. ಸಂಜೆಯ ತನಕ ಹುಡುಕಿದರೂ ಸಿಗಲಿಲ್ಲ. ಎಳೆ ಹಿಡಿದು ಬಂದವಳು ಬರಿಗೈಯಲ್ಲಿ ಹೋದದ್ದು ಇಪ್ಪತ್ತೇಳು ವರ್ಷದಲ್ಲಿ ಅದೇ ಮೊದಲು.

ಮುಂದಿನ ವಾರ ಅದೇ ವ್ಯಾನಿನ ಮಾರಮ್ಮ ಎಂಬವಳು ಬಂದಳು. ರಾಣಿಯ ಜೊತೆ ಕಾಡಿಗೆ ಹೋಗದೆ, ಅರಮನೆಯ ಬೀಗದ ಕೈ ಗೊಂಚಲು ಎತ್ತಿಕೊಂಡು ನಡೆದುಬಿಡುವ ದಾಸಿಯ ಕಥೆ ಬೇಕೆಂದಳು. ಆ ದಾಸಿ ಆಮೇಲೆ ಯಾವುದೋ ಊರಿನಲ್ಲಿ ರೇಷ್ಮೆ ನೂಲು ತೆಗೆದು ಬದುಕುತ್ತಾಳಂತೆ, ರಾಜನೇ ಬಂದು ಬೀಗದ ಕೈ ಕೇಳಿದರೂ ಕೊಡುವುದಿಲ್ಲವಂತೆ. ದಾಸಿ ಹೇಳುವ ಪುರಾಣದ ಪುಸ್ತಕ ನನ್ನಲ್ಲಿರುವುದು ಒಂದೇ. ಅದರಲ್ಲಿ ಅವಳು ರಾಣಿಯ ಹಿಂದೆಯೇ ಹೋಗಿ ಕಾಡಿನಲ್ಲಿ ಸಾಯುತ್ತಾಳೆ. ಹಾಗೆಂದರೆ ಮಾರಮ್ಮ ಒಪ್ಪಲಿಲ್ಲ.

“ಜೈನಬಕ್ಕಂಗೆ ನೀವೇ ಕೊಟ್ಟಿದ್ದು ಸಾ. ಒಸಿ ಗ್ಯಾಪ್ನ ಮಾಡ್ಕಳಿ,” ಎಂದು ಮಗುವಿಗೆ ಹೇಳುವ ಹಾಗೆ ಹೇಳಿದಳು.

ಜ್ಞಾಪಕ. ಆ ಮಾತು ನೆಟ್ಟಗೆ ಹೋಗಿ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮಾಗಡಿಯಲ್ಲಿರುವ ನನ್ನ ಅಣ್ಣ ಮುನಿಯಪ್ಪ ಮೇಷ್ಟ್ರಾಗಿದ್ದವನು. ಮೂವತ್ತು ವರ್ಷದ ಹಾಜರಿಯನ್ನು ಬಾಯಲ್ಲೇ ಹೇಳುತ್ತಿದ್ದ. ಅವನಿಗೆ ಅರವತ್ತಕ್ಕೆ ಮರೆವು ಶುರುವಾಯಿತು. ಮೊದಲು ಪುಸ್ತಕದ ಹೆಸರು, ಆಮೇಲೆ ಬೀದಿ, ಆಮೇಲೆ ಮನುಷ್ಯರು. ನನಗೀಗ ಐವತ್ತೊಂಬತ್ತು. ತಲೆಯೊಳಗಿನ ಆ ಎರಡು ಸಾವಿರದ ಮುನ್ನೂರು ಕಥೆಗಳು ಬಿಟ್ಟರೆ ನನ್ನದು ಎನ್ನುವಂಥದು ಬೇರೆ ಏನಿದೆ? ಅವು ಹೋದರೆ ನಾನು ಬೀಗ ಕಾಯುವ ಮುದುಕ, ಅಷ್ಟೇ. ನನಗೆ ನಿಜವಾಗಿ ಹೆದರಿಕೆಯಾಯಿತು.

ಪರೀಕ್ಷೆ ಮಾಡಿಕೊಳ್ಳಲು ಒಂದು ದಾರಿಯಿತ್ತು. ಬಾಡಿಗೆ ಪುಸ್ತಕ ಓದುವವರು, ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು, ಯಾವುದಾದರೂ ಒಂದು ಪುಟದ ಮೂಲೆಯಲ್ಲಿ ಗುರುತು ಹಾಕುತ್ತಾರೆ. ಒಬ್ಬರದು ಚುಕ್ಕೆ, ಒಬ್ಬರದು ನಕ್ಷತ್ರ, ಒಬ್ಬರದು ಇನಿಷಿಯಲ್. ನನ್ನದು ಐವತ್ತೊಂದನೇ ಪುಟದಲ್ಲಿ ಪೆನ್ಸಿಲಿನ ಒಂದು ‘ಲ’. ‘ಲ’ ಇಲ್ಲದ ಪುಸ್ತಕ ಸಿಕ್ಕರೆ ಅದು ನಾನು ಓದದೆ ಕಪಾಟಿಗೇರಿಸಿದ್ದು, ಆ ಹೆಂಗಸರು ಹೇಳುವ ಕಥೆ ಅದರಲ್ಲೇ ಇರಬೇಕು, ನನ್ನ ತಲೆ ಸರಿಯಾಗಿದೆ ಎಂದು ಲೆಕ್ಕ ಹಾಕಿದೆ. ಭಾನುವಾರದ ಜೈನಬಳೊಬ್ಬಳನ್ನು ಬಿಟ್ಟು ಅಂಗಡಿಗೆ ಬಂದವರನ್ನೆಲ್ಲ ಗದರಿ ಕಳಿಸಿ, ಹನ್ನೆರಡು ದಿನ ಕೂತು ಒಂದೊಂದೇ ಪುಸ್ತಕದ ಐವತ್ತೊಂದನೇ ಪುಟ ತೆರೆದೆ. ಎಲ್ಲದರಲ್ಲೂ ‘ಲ’ ಇತ್ತು. ಅಂದರೆ ಓದಿದ್ದೇನೆ. ಓದಿಯೂ ಮರೆತಿದ್ದೇನೆ.

ಮನೆಯಲ್ಲಿ ಮಾಯಮ್ಮ, ನನ್ನ ಹೆಂಡತಿ, ಸುಮ್ಮನಿರಬಾರದೆ?

“ಈಗ್ತಾನೆ ಕಾಫಿ ಕುಡುದ್ರಿ, ಮತ್ತೆ ಕೇಳ್ತೀರಲ್ಲ. ಮೈಸೂರಿಗೆ ಹೋಗಿ ಡಾಕ್ಟ್ರಿಗೆ ಒಂದ್ಸಲ ತೋರ್ಸುಮ.”

“ಎರಡು ಕಾಫಿ ಕುಡಿಯೋಕೂ ಈ ಮನೇಲಿ ಡಾಕ್ಟ್ರು ಬೇಕಾ?” ಎಂದು ರೇಗಿದೆ. ಅವಳು ಇನ್ನೊಂದು ಕಾಫಿ ತಂದಿಟ್ಟು ಒಳಗೆ ಹೋದಳು. ತಿರುಗಿ ಬೈದಿದ್ದರೇ ಚೆನ್ನಾಗಿತ್ತು.

ಮೂರನೆಯ ಕಥೆ ಹಿಡಿದು ಬಂದವಳು ಮತ್ತೆ ರಮ್ಯಾ. ಸೊಸೆಯನ್ನು ಕಾಡಲು ಬಂದ ದೆವ್ವ, ಅವಳ ಕಷ್ಟ ನೋಡಲಾರದೆ ರಾಗಿ ಬೀಸಿಕೊಟ್ಟು ಹೋಗುತ್ತದಂತೆ. ನನ್ನ ದೆವ್ವಗಳು ಯಾವುವೂ ಅಂಥ ಕೆಲಸಕ್ಕೆ ಹೋಗುವುದಿಲ್ಲ. ‘ಸಿಕ್ಕಿದರೆ ಹೇಳುತ್ತೇನೆ’ ಎಂದು ಸಾಗಹಾಕಿ ಬಾಗಿಲು ಮುಂದಕ್ಕೆ ಹಾಕಿಕೊಂಡು ಕೂತೆ. ಜೈನಬಳನ್ನು ನೇರವಾಗಿ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನನ್ನ ಪುಸ್ತಕದಲ್ಲಿ ಏನಿದೆಯೆಂದು ಬಾಡಿಗೆಗೆ ಒಯ್ದವಳನ್ನು ನಾನು ಕೇಳುವುದೆ? ಮೂರು ವಾರ ಆ ಒಂದು ಹಮ್ಮಿನಲ್ಲೇ ನರಳಿದೆ. ನಾಲ್ಕನೆಯ ಭಾನುವಾರ ತಡೆಯಲಾಗಲಿಲ್ಲ.

ಅವಳು ಎಂದಿನಂತೆ ಹನ್ನೊಂದಕ್ಕೆ ಬಂದು ಸ್ಟೂಲಿನ ಮೇಲೆ ಕೂತಳು. ದಾಸಿಯ ಪುಸ್ತಕವನ್ನು ಅವಳ ಮುಂದಿಟ್ಟೆ.

“ಈ ದಾಸಿ ಬೀಗದ ಕೈ ಎತ್ಕೊಂಡು ಹೋಗೋದು ಯಾವ ಪುಟದಲ್ಲಿದೆ, ಒಸಿ ತೋರ್ಸಮ್ಮ.”

ಜೈನಬ್ ಪುಸ್ತಕ ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡಳು.

“ನಂಗೆ ಕನ್ನಡ ಓದಕ್ಕೆ ಬರಲ್ಲ ಸಾರ್. ಉರ್ದು ಸ್ಕೂಲು, ಐದನೇ ಕ್ಲಾಸು. ಅದೂ ಮರ್ತೋಗಿದೆ. ವ್ಯಾನಿನವ್ರಿಗೆ ಹೇಳ್ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ.”

ಎದೆಯ ಮೇಲಿಂದ ಬಂಡೆ ಇಳಿದ ಹಾಗಾಯಿತು. ಓದು ಬಾರದವಳು! ಗಂಟಿನ ತನಕ ನನ್ನಿಂದ ಕೇಳಿಕೊಂಡು ಹೋಗಿ, ಉಳಿದದ್ದನ್ನು ತಾನೇ ಕಟ್ಟಿ ಹೇಳಿದ್ದಾಳೆ. ಹಾಗಾದರೆ ಆ ಪುಸ್ತಕಗಳು ಇಲ್ಲವೇ ಇಲ್ಲ. ಇಲ್ಲದ್ದನ್ನು ಯಾರು ತಾನೆ ಜ್ಞಾಪಕ ಇಟ್ಟುಕೊಳ್ಳುತ್ತಾರೆ? ನನಗೆ ಏನೂ ಆಗಿಲ್ಲ. ಸಿಟ್ಟು ಬರಬೇಕಾಗಿತ್ತು, ನಗು ಬಂತು. ಎದ್ದು ಹೋಗಿ ಎರಡು ಟೀ ಹೇಳಿ ಬಂದೆ.

“ಅಲ್ಲ ಕಣಮ್ಮ, ಹನ್ನೆರಡು ದಿನ ಧೂಳು ಕುಡಿಸಿದೆಯಲ್ಲ ನಂಗೆ. ನೀನು ಕಟ್ಟಿದ ಕಥೆಗಳನ್ನ ಯಾರ ಕೈಲಾದ್ರೂ ಬರೆಸು, ಆ ಕಪಾಟಲ್ಲಿ ಜಾಗ ಮಾಡಿಕೊಡ್ತೀನಿ. ಬಾಡಿಗೆ ಚೆನ್ನಾಗಿ ಹೋಗ್ತವೆ.”

ಅವಳು ನಗಲಿಲ್ಲ. ನಾನು ಏನು ಹೇಳುತ್ತಿದ್ದೇನೆಂದು ಅರ್ಥವಾಗದವಳ ಹಾಗೆ ನೋಡಿದಳು.

“ನಾನ್ಯಾಕೆ ಕಟ್ಲಿ ಸಾರ್? ಎಲ್ಲ ನೀವು ಹೇಳಿದ್ದೇ.”

“ನಾನು ಹೇಳಿದ್ದು ಗಂಟು ಬೀಳೋ ತನಕ. ಮುಂದಿನದು ನಿನ್ನದು.”

“ಇಲ್ಲ ಸಾರ್. ನೀವು ಪೂರ್ತಿ ಹೇಳ್ತೀರ. ಹನ್ನೊಂದಕ್ಕೆ ಶುರು ಮಾಡಿದ್ರೆ ಮಧ್ಯಾಹ್ನದ ಅಜಾನ್ ಕೂಗೋ ತನಕ. ಮನೆಗೆ ಹೋಗ್ತಾ ದಾರೀಲಿ ನಾನು ಇನ್ನೊಂದ್ಸಲ ಹೇಳ್ಕೋತೀನಿ, ಮರೀಬಾರ್ದು ಅಂತ. ಪುಸ್ತಕ ಒಯ್ಯೋದು ಯಾಕಂದ್ರೆ, ಬ್ಯಾಗಲ್ಲಿ ಪುಸ್ತಕ ಇಲ್ದಿದ್ರೆ ಅವ್ರು ನಂಬಲ್ಲ. ಒಂದು ಮಾತೂ ನಾನು ಸೇರ್ಸಿಲ್ಲ ಸಾರ್. ಆ ಹೆಂಗಸಿಗೆ ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಕೊಡ್ಸಿದ್ದೂ ನೀವೇ.”

“ಸುಳ್ಳು ಹೇಳ್ಬೇಡ,” ಎಂದೆ. ಧ್ವನಿ ಏರಿತ್ತು. ಟೀ ತಂದವನು ಲೋಟಗಳನ್ನು ಇಟ್ಟು ಸರಿದುಕೊಂಡ.

ಅವಳ ಕಣ್ಣಲ್ಲಿ ನೀರು ಬಂತು, ಆದರೆ ಮಾತು ಬಿಡಲಿಲ್ಲ. “ಹಗೇವಿನ ಕತೆ ನಂಗೆ ಹೆಂಗೆ ಗೊತ್ತಾಗುತ್ತೆ ಹೇಳಿ ಸಾರ್? ಹಗೇವು ಅಂದ್ರೇನು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ನೆಲದೊಳಗೆ ರಾಗಿ ತುಂಬಿಡೋ ಗುಣಿ ಅಂತ ಹೋದ್ವಾರ ನೀವೇ ಹೇಳಿದ್ರಿ.”

“ಯಾವ ಹಗೇವಿನ ಕತೆ?”

“ಅಣ್ಣತಮ್ಮಂದು. ಕಣ್ಣಾಮುಚ್ಚಾಲೆ ಆಡ್ತಾ ಖಾಲಿ ಹಗೇವಿಗೆ ಇಳೀತಾರಲ್ಲ. ಹತ್ತಕ್ಕಾಗಲ್ಲ. ಕತ್ಲು. ತಮ್ಮ ಅಳ್ತಾನೆ ಅಂತ ಅಣ್ಣ ಹದಿಮೂರರ ಮಗ್ಗಿ ಹೇಳ್ಕೊಡ್ತಾನೆ. ಹದಿಮೂರೆಂಟ್ಲ ಅನ್ನೋವಾಗ ಮೇಲಿಂದ ಅವ್ವನ ಮುಖ ಕಾಣುತ್ತೆ.”

ಅದು ಮಾಗಡಿಯ ನಮ್ಮ ಮನೆಯ ಹಗೇವು. ನನಗಾಗ ಆರು ವರ್ಷ. ಹದಿಮೂರೆಂಟ್ಲ ನೂರನಾಲ್ಕು ಎಂದು ಅಣ್ಣ ಹೇಳುವಾಗ ಅವ್ವ ಬಗ್ಗಿ ನೋಡಿದ್ದು ನಿಜ. ಇದನ್ನು ನಾನು ಮಾಯಮ್ಮನಿಗೂ ಹೇಳಿದವನಲ್ಲ. ಅವ್ವ ಸತ್ತು ಇಪ್ಪತ್ತು ವರ್ಷವಾಯಿತು, ಅಣ್ಣನಿಗೆ ಅದು ನೆನಪಿಲ್ಲ. ಇನ್ನು ಉಳಿದವನು ನಾನೊಬ್ಬನೇ.

“ಇದನ್ನ ಯಾವ ಪುಸ್ತಕದ ಕತೆ ಅಂತ ಹೇಳ್ದೆ ನಾನು?”

ಅವಳು ಬ್ಯಾಗಿನಿಂದ ಪುಸ್ತಕ ತೆಗೆದಿಟ್ಟಳು. ರಟ್ಟಿನ ಮೇಲೆ ಕತ್ತಿ ಹಿಡಿದ ಪಾಳೆಯಗಾರನಿದ್ದ. ಐತಿಹಾಸಿಕ.

ಹಾಗಾದರೆ ಆ ಬಂಡೆ ಓನರ್ ಹೆಂಡತಿ, ಆ ದಾಸಿ, ರಾಗಿ ಬೀಸುವ ದೆವ್ವ, ಎಲ್ಲವೂ ನನ್ನ ಬಾಯಿಂದಲೇ ಬಂದವು. ಗಂಟಿನ ಆಚೆಗೆ ಪುಸ್ತಕ ಮರೆತುಹೋಗಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ನಾನು ನಡೆಯುತ್ತ ಹೋಗಿದ್ದೇನೆ. ಹೋಗಿದ್ದೂ ನನಗೆ ಗೊತ್ತಿಲ್ಲ. ಅವು ಚೆನ್ನಾಗಿದ್ದವು, ಹದಿನೆಂಟು ಜನ ಕೇಳಿದರು ಎಂದು ಸಂತೋಷಪಡಬೇಕೋ, ಅಳಬೇಕೋ ತಿಳಿಯಲಿಲ್ಲ. ಅತ್ತುಬಿಟ್ಟೆ. ಅವಳ ಮುಂದೆ ನಾಚಿಕೆಯೂ ಆಗಲಿಲ್ಲ.

ಜೈನಬ್ ತನ್ನ ಟೀ ಲೋಟವನ್ನೂ ನನ್ನ ಕಡೆ ಸರಿಸಿದಳು. ಆಮೇಲೆ ಅವಳಿಗೆ ಅವಳ ಚಿಂತೆ.

“ಹೋದ್ವಾರ ಅದು ಅರ್ಧಕ್ಕೇ ನಿಂತೋಯ್ತು ಸಾರ್. ಅಣ್ಣನಿಗೆ ಮರೆವಿನ ಕಾಯಿಲೆ ಬಂದಿದೆ ಅಂತ ತಮ್ಮ ಬಸ್ಸಲ್ಲಿ ನೋಡೋಕೆ ಹೋಗ್ತಾನೆ. ಬಾಗ್ಲಲ್ಲಿ ನಿಂತವನನ್ನ ನೋಡಿ ಅಣ್ಣ, ‘ನೀವು ಯಾರ ಪೈಕಿ?’ ಅಂತಾನೆ. ಅಷ್ಟರಲ್ಲಿ ಅಜಾನ್ ಆಯ್ತು, ನಾನು ಎದ್ದು ಹೋದೆ. ನಾಳೆ ವ್ಯಾನಲ್ಲಿ ಕೇಳ್ತಾರೆ. ತಮ್ಮ ಏನಂದ ಸಾರ್?”

ತಮ್ಮ ಏನೂ ಅನ್ನಲಿಲ್ಲ. ತಂದಿದ್ದ ಬಾಳೆಹಣ್ಣನ್ನು ಜಗುಲಿಯ ಮೇಲಿಟ್ಟು, ಅದೇ ಬಸ್ಸು ಹಿಡಿದು ವಾಪಸು ಬಂದ. ಅಷ್ಟು ನನಗೆ ಚೆನ್ನಾಗಿ ನೆನಪಿದೆ. ಆದರೆ ಹೋದ ಭಾನುವಾರ ಈ ಸ್ಟೂಲಿನ ಎದುರು ಕೂತು ಅದನ್ನು ಹೇಳಿದ್ದು ಇಷ್ಟೂ ನೆನಪಿಲ್ಲ.

ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದು, ಪೆನ್ಸಿಲ್ ಕೈಗೆ ತಗೊಂಡೆ.

“ಮೊದಲನೇ ವಾರದಿಂದ ಹೇಳಮ್ಮ, ನಿಧಾನವಾಗಿ,” ಎಂದೆ. “ನಾನು ಏನೇನು ಹೇಳಿದೀನೋ, ನಂಗೆ ಗೊತ್ತಾಗ್ಬೇಕು.”