ಬೋರಮ್ಮನ ಹಾಲು, ರಮ್ಯಶ್ರೀಯ ಬಿಲ್ಡು

ಅಂದು ಮಧ್ಯಾಹ್ನ ರಮ್ಯಶ್ರೀಗೆ ಡೈರಿಯ ಕಂಪ್ಯೂಟರನ್ನು ಎತ್ತಿ ನಾಲೆಗೆ ಎಸೆದುಬಿಡಬೇಕು ಅನ್ನಿಸಿತ್ತು. ಅವಳ ಲ್ಯಾಪ್‌ಟಾಪಿನಲ್ಲಿ ಮಾತು ಕೇಳುವ ಮಗುವಿನಂತೆ ಓಡುವ ಪ್ರೋಗ್ರಾಂ, ಮಾದನಕೊಪ್ಪಲಿನ ಹಾಲಿನ ಡೈರಿಗೆ ಬಂದ ಕೂಡಲೇ ಹಟಕ್ಕೆ ಬೀಳುತ್ತಿತ್ತು. ಸಿಟ್ಟು ಬಂದಿದ್ದು ನಿಜ, ಆದರೆ ಸಿಟ್ಟಿನ ಜೊತೆಗೇ ಖುಷಿಯೂ ಆಗುತ್ತಿತ್ತು. ಇಂಥ ತೊಡಕು ಸಿಕ್ಕರೆ ಅವಳಿಗೆ ಊಟ ತಿಂಡಿ ಬೇಡ.

ರಮ್ಯಶ್ರೀ ಅಕ್ಕಸಾಲಿ ಲಕ್ಷ್ಮಣಾಚಾರಿಯ ಮಗಳು. ಕೆ.ಆರ್. ಪೇಟೆಯಲ್ಲಿ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳಿ, ಸಂಜೆ ಕಿಕ್ಕೇರಿ ಬಸ್ಸು ಹತ್ತಿ ಊರಿಗೆ ಬರುವವಳು. ಡೈರಿಯ ಸೆಕ್ರೆಟರಿ ಜಯಲಕ್ಷ್ಮಮ್ಮ ಒಂದು ದಿನ ಅವಳನ್ನು ತಡೆದು ನಿಲ್ಲಿಸಿ, "ಓದಕ್ ಬರ್ದೋರ್ಗೂ ಅವರ ಆಲಿನ ಫ್ಯಾಟು ಎಷ್ಟು ಅಂತ ಕೂಗಿ ಏಳೋ ಅಂಗೆ ಏನಾರ ಮಾಡ್ಕೊಡು ಕಣವ್ವ" ಎಂದಿದ್ದರು. ಅಷ್ಟೇ ಸಾಕಾಯಿತು. ಫ್ಯಾಟು, ಅಂದರೆ ಹಾಲಿನ ಕೊಬ್ಬಿನಂಶ, ಅಳೆಯುವ ಯಂತ್ರಕ್ಕೆ ಕಂಪ್ಯೂಟರನ್ನು ಜೋಡಿಸಿ, ಹಾಲು ಸುರಿದವರ ಹೆಸರನ್ನೂ ಅಂಕಿಯನ್ನೂ ಕನ್ನಡದಲ್ಲೇ ಕೂಗುವ ಪ್ರೋಗ್ರಾಂ ಬರೆದುಕೊಟ್ಟಳು. ಊರೆಲ್ಲ ಭೇಷ್ ಅಂದಿತು.

ಆ ಭೇಷ್ ಸೋಮವಾರ ಮುಗಿದುಹೋಯಿತು. ಚಿಕ್ಕಬೋರಮ್ಮ ಹಾಲು ಸುರಿದಾಗ ಯಂತ್ರ ಎಲ್ಲರಿಗೂ ಕೇಳುವಂತೆ "ಎರಡು ಪಾಯಿಂಟ್ ಒಂದು" ಎಂದಿತು. ಅಷ್ಟು ಕಡಿಮೆ ಬಂದರೆ ನೀರು ಬೆರೆಸಿದ್ದಾರೆ ಎಂದೇ ಲೆಕ್ಕ. ಆಗತಾನೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ನಿಂತಿದ್ದ ಚಲುವರಾಜು ಬಾಯಿ ಬಿಟ್ಟ. "ಏನಕ್ಕೋ, ಅಸಿನ ಕೆಚ್ಚಲು ಕರೀತಿದ್ದೀಯೋ, ಬೋರ್‌ವೆಲ್ ಕರೀತಿದ್ದೀಯೋ?" ಸರದಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಡೈರಿ ಶುರುವಾದ ದಿನದಿಂದ ಹಾಲು ಹಾಕುತ್ತಿದ್ದ ಚಿಕ್ಕಬೋರಮ್ಮ ಕ್ಯಾನು ಎತ್ತಿಕೊಂಡು ಮನೆಗೆ ಹೋದಳು. ಮಾರನೆಯ ದಿನದಿಂದ ಡೈರಿಯ ಕಡೆ ತಲೆ ಹಾಕಲಿಲ್ಲ.

ಸುದ್ದಿ ತಿಳಿದು ರಮ್ಯಶ್ರೀ ಅವಳ ಕೊಟ್ಟಿಗೆಗೆ ಓಡಿದ್ದಳು. ತಪ್ಪು ಹಾಲಿನದಲ್ಲ, ತನ್ನ ಪ್ರೋಗ್ರಾಮಿನದೇ ಇರಬೇಕು ಎಂದಳು. ಚಿಕ್ಕಬೋರಮ್ಮ ಹಸುವಿನ ಮೈ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನೀನು ನನ್ ಕಿವೀಲಿ ಏಳುದ್ರೆ ಏನ್ ಬಂತು ಮಗ? ಎಲ್ಲಾರ್ ಮುಂದೆ ಮಾನ ಕಳ್ದದ್ದು ಆ ಮಿಷನ್ನು. ಎಲ್ಲಾರ್ ಮುಂದೆ ಅದೇ ಏಳ್ಬೇಕು. ಗುರುವಾರ ಸಂಜೆ ಒಂದ್ ಕಿತ ಬತ್ತೀನಿ. ಅವತ್ತೂ ಅಂಗೇ ಅಂತು ಅಂದ್ರೆ ಅಸ ಮಾರ್ಬುಡ್ತೀನಿ."

ಇವತ್ತೇ ಆ ಗುರುವಾರ. ರಮ್ಯಶ್ರೀ ಪಾಠಕ್ಕೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನದ ಬಸ್ಸಿಗೇ ಬಂದು ಡೈರಿಯಲ್ಲಿ ಕೂತಿದ್ದಳು.

ತಪ್ಪು ಏನೆಂದು ರಮ್ಯಶ್ರೀ ಕಂಡುಹಿಡಿದಾಗಿತ್ತು. ಡೈರಿಯ ಹಳೇ ಕಂಪ್ಯೂಟರಿಗೆ ಫ್ಯಾಟಿನ ಅಂಕಿ ಬಂದು ಮುಟ್ಟುವುದು ತಡವಾಗುತ್ತಿತ್ತು. ಪ್ರೋಗ್ರಾಮಿಗೆ ತಾಳ್ಮೆಯಿಲ್ಲ, ಕೈಯಲ್ಲಿದ್ದ ಹಿಂದಿನ ಅಂಕಿಯನ್ನೇ ಎತ್ತಿ ಕೂಗುತ್ತಿತ್ತು. ಎಲ್ಲರ ಹಾಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೊಸ ಅಂಕಿ ಬರುವ ತನಕ ಕಾಯಿ ಎಂದು ನಾಲ್ಕು ಸಾಲು ಬರೆದರೆ ಆಯಿತು. ಬರೆದಳು ಕೂಡ. ಲ್ಯಾಪ್‌ಟಾಪಿನಲ್ಲಿ ಸರಿಯಾಯಿತು. ಡೈರಿಯಲ್ಲಿ ಮಾತ್ರ ಅದೇ ರಾಗ, ಅದೇ ಹಾಡು.

ಬರೆದ ಪ್ರೋಗ್ರಾಮನ್ನು ಒಂದೊಂದು ಬಗೆಯ ಕಂಪ್ಯೂಟರಿಗೂ ಬೇರೆ ಬೇರೆಯಾಗಿ ಕಟ್ಟಬೇಕು. ಅವಳ ಲ್ಯಾಪ್‌ಟಾಪಿನದು ಲಿನಕ್ಸು, ಡೈರಿಯದು ವಿಂಡೋಸು. ಈ ಕಟ್ಟುವ ಕೆಲಸಕ್ಕೇ ಬಿಲ್ಡ್ ಅನ್ನುವುದು. ಅದನ್ನು ನೋಡಿಕೊಳ್ಳುವುದಕ್ಕೆ ಮೇಸ್ತ್ರಿಯಂಥ ಇನ್ನೊಂದು ಪ್ರೋಗ್ರಾಂ ಇರುತ್ತದೆ. ಈ ಮೇಸ್ತ್ರಿ ಮೈಗಳ್ಳ. ಯಾವ ಭಾಗ ಬದಲಾಗಿದೆಯೋ ಅದನ್ನಷ್ಟೇ ಮತ್ತೆ ಕಟ್ಟುತ್ತಾನೆ, ಉಳಿದದ್ದನ್ನು ಮುಟ್ಟುವುದಿಲ್ಲ. ಡೈರಿಯ ಕೀಬೋರ್ಡಿನ ಅರ್ಧ ಗುಂಡಿಗಳು ಹಾಲು ಕುಡಿದು ಸತ್ತಿದ್ದರಿಂದ ರಮ್ಯಶ್ರೀ ಇಡೀ ಪ್ರೋಗ್ರಾಮನ್ನು ಇಲ್ಲಿ ಒಮ್ಮೆ ಕಟ್ಟಿಸಿಕೊಂಡು, ಆಮೇಲೆ ಒಂದೊಂದನ್ನೇ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಪೆನ್‌ಡ್ರೈವಿನಲ್ಲಿ ದಾಟಿಸಿ, ಇಲ್ಲಿ ಕಟ್ಟಿಸುತ್ತಿದ್ದಳು. ಪ್ರತಿ ಸಲವೂ ಮೇಸ್ತ್ರಿ ಹೇಳುತ್ತಿದ್ದದ್ದು ಒಂದೇ ಮಾತು, 'ಮಾಡಲು ಕೆಲಸವೇನೂ ಇಲ್ಲ.'

"ಕಣ್ಣು ಕಾಣಲ್ವಾ ನಿಂಗೆ? ಈಗ್ತಾನೆ ಬದ್ಲಾಯಿಸಿ ತಂದಿವ್ನಿ!" ಎಂದು ಅವಳು ಪರದೆಗೆ ಕೂಗಿದಳು.

ಹಾಲಿನ ಅಳತೆ ಪಾತ್ರೆಗಳನ್ನು ತೊಳೆಯುತ್ತಿದ್ದ ಜಯಲಕ್ಷ್ಮಮ್ಮ ಗಾಬರಿಯಿಂದ ಇಣುಕಿದರು. "ಯಾರ್ನವ್ವ ಬೈತಿದ್ದೀಯ?"

"ಮೇಸ್ತ್ರೀನ ಅಕ್ಕ."

"ಇಲ್ಯಾವ ಮೇಸ್ತ್ರಿ ಅವ್ನೆ?" ಎಂದು ಅವರು ಬಾಗಿಲ ಹಿಂದೆಯೂ ನೋಡಿ ಹೋದರು.

ಪೆನ್‌ಡ್ರೈವ್ ಬದಲಾಯಿಸಿದಳು. ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಪ್ರೋಗ್ರಾಂ ತೆರೆದ ಕೂಡಲೇ 'ನಮಸ್ಕಾರ' ಅನ್ನಲಿ ಎಂದು ಒಂದು ಸಾಲು ಸೇರಿಸಿದಳು. ಅನ್ನಲಿಲ್ಲ. ಅಂದರೆ ಓಡುತ್ತಿರುವುದು ಹಳೆಯದೇ! ತನ್ನ ತಿದ್ದುಪಡಿ ತಪ್ಪಲ್ಲ, ಅದು ಒಳಗೆ ಹೋಗುತ್ತಲೇ ಇಲ್ಲ. ಅವಳು ಕುರ್ಚಿಯಿಂದ ಎದ್ದು ಒಂದು ಸುತ್ತು ತಿರುಗಿ ಮತ್ತೆ ಕೂತಳು.

ಮನೆಗೆ ಹೋಗಿ, ತಪ್ಪಿದ್ದ ಮಧ್ಯಾಹ್ನದ ಊಟಕ್ಕೆ ನಾಲ್ಕು ತುತ್ತು ಮುದ್ದೆ ನುಂಗಿ ಐದರ ಹೊತ್ತಿಗೆ ಬಂದು, 'ನಮಸ್ಕಾರ'ದ ಮುಂದೆ 'ಎಲ್ಲರಿಗೂ' ಎಂದು ಸೇರಿಸಿ ಕಟ್ಟಿಸಿದರೆ, ಮೇಸ್ತ್ರಿ ತೆಪ್ಪಗೆ ಆ ಭಾಗವನ್ನು ಕಟ್ಟಿಕೊಟ್ಟ. ಕಂಪ್ಯೂಟರು "ಎಲ್ಲರಿಗೂ ನಮಸ್ಕಾರ" ಎಂದಿತು. ರಮ್ಯಶ್ರೀ ಮೇಜು ಗುದ್ದಿ ಕುಣಿದಳು. ಆ ಹುರುಪಿನಲ್ಲೇ ಕಾಯುವ ಸಾಲುಗಳನ್ನು ಇನ್ನಷ್ಟು ಬಿಗಿಮಾಡಿ ತಂದರೆ ಮತ್ತೆ ಅದೇ, ಮಾಡಲು ಕೆಲಸವೇನೂ ಇಲ್ಲ! ಇದೆಂಥ ಚೇಷ್ಟೆ? ಅವಸರದಲ್ಲಿ ತಿದ್ದಿದ್ದನ್ನು ಮುಟ್ಟುವುದಿಲ್ಲ, ಊಟ ಮಾಡಿ ಬಂದು ತಿದ್ದಿದರೆ ಮುಟ್ಟುತ್ತಾನೆ. ಈ ಮೇಸ್ತ್ರಿ ಬದಲಾವಣೆಯನ್ನು ಕಂಡುಕೊಳ್ಳುವುದಾದರೂ ಹೇಗೆ? ತಿದ್ದಿದ ಹೊತ್ತು ನೋಡಿ, ಕಟ್ಟಿದ ಹೊತ್ತು ನೋಡಿ, ತಿದ್ದಿದ್ದು ಆಮೇಲಿನದಾದರೆ ಮಾತ್ರ...

ಹೊರಗೆ ಕ್ಯಾನುಗಳ ಸದ್ದು ಶುರುವಾಯಿತು. ಜಯಲಕ್ಷ್ಮಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. "ಆಯ್ತಾ ಮಗ? ಆರ್ ಗಂಟೆ ಆಯ್ತು, ಬಾಗ್ಲು ತೆಗೀಬೇಕು."

ರಮ್ಯಶ್ರೀ ಮೊಬೈಲ್ ನೋಡಿದಳು. "ಎಲ್ಲಕ್ಕ, ಈಗಿನ್ನೂ ಐದೂವರೆ."

"ಅದು ನಿನ್ ಟೈಮು. ಇದು ಡೈರಿ ಟೈಮು." ಜಯಲಕ್ಷ್ಮಮ್ಮ ಪರದೆಯ ಮೂಲೆಯ ಗಡಿಯಾರ ತೋರಿಸಿದರು. "ಆರಕ್ಕೆ ಬನ್ನಿ ಅಂದ್ರೆ ಆರೂವರೆಗೆ ಬರೋ ಜನ. ಆಲಿನ ಲಾರಿ ಕಾಯ್ತದಾ? ಅದ್ಕೇ ಅರ್ಧ ಗಂಟೆ ಮುಂದಿಟ್ಟಿವ್ನಿ. ಊರ್ಗೆಲ್ಲ ಗೊತ್ತಲ್ಲ!"

ಊರಿಗೆಲ್ಲ ಗೊತ್ತಿತ್ತು. ಆಚಾರಿಯ ಮನೆಯವರು ಹಾಲು ಕೊಳ್ಳುವವರೇ ಹೊರತು ಹಾಕುವವರಲ್ಲ, ಆದ್ದರಿಂದ ರಮ್ಯಶ್ರೀಗೆ ಗೊತ್ತಿರಲಿಲ್ಲ. ಅವಳು ಎದ್ದು ನಿಂತು ಜಯಲಕ್ಷ್ಮಮ್ಮನ ಎರಡೂ ಕೆನ್ನೆ ಹಿಡಿದು, "ಅಕ್ಕೋ! ಸಿಕ್ಬುಡ್ತು ಕಣಕ್ಕೋ!" ಎಂದು ಕಿರುಚಿದಳು. ಐದಕ್ಕೆ ಕಟ್ಟಿದ್ದರ ಮೇಲೆ ಈ ಕಂಪ್ಯೂಟರು ಐದೂವರೆಯ ಮುದ್ರೆ ಒತ್ತುತ್ತದೆ. ಐದೂಕಾಲಿಗೆ ಅವಳ ಲ್ಯಾಪ್‌ಟಾಪಿನಲ್ಲಿ ತಿದ್ದಿದ್ದು ಬಂದರೆ, ಮೇಸ್ತ್ರಿಯ ಕಣ್ಣಿಗೆ ಕಟ್ಟಿರುವುದೇ ಹೊಸದು, ತಿದ್ದಿರುವುದು ಹಳೆಯದು. ಪಾಪ, ಅವನ ತಪ್ಪೇನು?

"ಅಕ್ಕ, ಗಡಿಯಾರ ಸರಿ ಮಾಡ್ತೀನಿ. ಹಳೇದೆಲ್ಲ ಅಳಿಸಿ ಮೊದಲಿಂದ ಕಟ್ಟಿಸ್ಬೇಕು. ಈ ಮುದಿ ಕಂಪ್ಯೂಟರಿಗೆ ಹೆಚ್ಚೂಕಡ್ಮೆ ಅರ್ಧ ಗಂಟೆ ಬೇಕಾಯ್ತದೆ."

"ಜನ ಬಂದವ್ರೆ ಕಣೆ! ಲಾರಿ?"

"ಲಾರಿ ಬರಾದು ನನ್ ಟೈಮಿಗೆ ಅಲ್ವಾ?"

ಜಯಲಕ್ಷ್ಮಮ್ಮ ಬೆರಳು ಮಡಿಸಿ ಯೋಚಿಸಿದರು. ಮುಂದಿಟ್ಟುಕೊಂಡಿದ್ದ ಅರ್ಧ ಗಂಟೆ ಇವತ್ತು ಕೈಯಲ್ಲೇ ಇತ್ತು. "ಮಾಡು. ಬೈದ್ರೆ ಬೈಸ್ಕೊತೀನಿ" ಎಂದರು.

ಬೈದರು, ಚೆನ್ನಾಗಿಯೇ ಬೈದರು. ಕ್ಯಾನುಗಳ ಸಾಲು ಬಾಗಿಲಿನಿಂದ ಅರಳಿಕಟ್ಟೆಯ ಕಡೆಗೆ ಬೆಳೆಯಿತು. ಸಾಲಿನ ಮಧ್ಯದಲ್ಲಿ ಚಿಕ್ಕಬೋರಮ್ಮ ಬಂದು, ಯಾರ ಮುಖವನ್ನೂ ನೋಡದೆ ತನ್ನ ಕ್ಯಾನು ಇಟ್ಟು ನಿಂತಳು. ಕಿಟಕಿಯಿಂದ ಅದನ್ನು ಕಂಡ ರಮ್ಯಶ್ರೀ ಕುರ್ಚಿಯನ್ನು ಪರದೆಗೆ ಇನ್ನೂ ಹತ್ತಿರ ಎಳೆದುಕೊಂಡಳು. ಕರೆಂಟ್ ಒಂದು ಹೋಗದಿರಲಿ ಎಂದು ಊರಮ್ಮನಿಗೆ ಹರಕೆ ಹೊತ್ತಳು. ಪರದೆಯ ಮೇಲೆ ಒಂದೊಂದೇ ಭಾಗ ಕಟ್ಟಿಕೊಳ್ಳುತ್ತಾ ಬಂತು. ಅರ್ಧವಾಯಿತು, ಮುಕ್ಕಾಲಾಯಿತು, ಕೊನೆಗೂ ಮುಗಿಯಿತು. ತೆರೆದಳು. "ಎಲ್ಲರಿಗೂ ನಮಸ್ಕಾರ" ಎಂದು ಕಂಪ್ಯೂಟರು ಬೀದಿಗೆ ಕೇಳುವಂತೆ ಕೂಗಿತು. ನೀರನ್ನೊಮ್ಮೆ, ಹಾಲನ್ನೊಮ್ಮೆ ಸುರಿದು ನೋಡಿದಳು. ನೀರಿನದು ನೀರಿಗೆ, ಹಾಲಿನದು ಹಾಲಿಗೆ.

ಅವಳು ಬಾಗಿಲಿಗೆ ಬಂದು ನಿಂತಳು. "ಎಲ್ಲಾರೂ ಕೇಳ್ರಪ್ಪ. ಸೋಮವಾರ ತಪ್ಪಾಗಿದ್ದು ಬೋರಮ್ಮನ ಆಲಲ್ಲ, ನಾನ್ ಬರ್ದ ಪ್ರೋಗ್ರಾಂ. ಒಬ್ರ ಫ್ಯಾಟು ಅವ್ರ ಹಿಂದೆ ನಿಂತೋರ್ಗೆ ಓಗ್ತಿತ್ತು. ಈಗ ಸರಿ ಮಾಡಿವ್ನಿ."

ದ್ಯಾವಮ್ಮ ಅನ್ನುವ ಮುದುಕಿ ಮೊದಲು ತಲೆಯೆತ್ತಿದಳು. "ಅಂದ್ರೆ ಆ ಎರಡು ಪಾಯಿಂಟು... ಸೋಮಾರ ಬೋರಮ್ಮನ್ ಮುಂದೆ ಯಾರ್ಲಾ ಇದ್ದೋರು?"

ಹೇಳುವುದೇ ಬೇಕಿರಲಿಲ್ಲ. ಎಲ್ಲರ ಕಣ್ಣೂ ಚಲುವರಾಜನ ಕಡೆ ತಿರುಗಿತು. ರಮ್ಯಶ್ರೀಗೂ ಆಗಲೇ ಹೊಳೆದದ್ದು. ಮಧ್ಯಾಹ್ನದಿಂದ ಅಂಕಿಯ ಹಿಂದೆ ಬಿದ್ದವಳು ಅದು ಯಾರ ಅಂಕಿ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಕ್ಯಾನು ಯಾಕೋ ಸೋರ್ತಾ ಅದೆ" ಎಂದು ಚಲುವರಾಜು ಗೊಣಗಿದ. ಸೋರದ ಕ್ಯಾನನ್ನು ಸಾಲಿನಿಂದ ಎತ್ತಿಕೊಂಡು ಬಿರಬಿರನೆ ನಡೆದ.

ದ್ಯಾವಮ್ಮ ಚಿಕ್ಕಬೋರಮ್ಮನ ತೋಳು ಹಿಡಿದು ಎಲ್ಲರಿಗಿಂತ ಮುಂದಕ್ಕೆ ತಂದು ನಿಲ್ಲಿಸಿದಳು. ಯಾರೂ ಬೇಡ ಅನ್ನಲಿಲ್ಲ. ಚಿಕ್ಕಬೋರಮ್ಮ ಹಾಲು ಸುರಿದಳು. ಪ್ರೋಗ್ರಾಂ ಕಾದು ನಿಂತಿತು, ಸರದಿಯೂ ಕಾದು ನಿಂತಿತು.

"ಚಿಕ್ಕಬೋರಮ್ಮ. ನಾಲ್ಕು ಪಾಯಿಂಟ್ ಎರಡು."

ಅವಳು ಅಳಲಿಲ್ಲ, ನಗಲೂ ಇಲ್ಲ. ಕ್ಯಾನಿನ ಮುಚ್ಚಳ ಹಾಕಿ, ರಸ್ತೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.

"ಇನ್ನೊಂದ್ ಕಿತ ಏಳ್ಸು ಮಗ," ಎಂದಳು. "ವಸಿ ಜೋರಾಗಿ. ಅವನಿನ್ನೂ ಅರಳಿಕಟ್ಟೆ ದಾಟಿಲ್ಲ."